ಒಂದೇ ಅಕ್ಷರದ ವ್ಯತ್ಯಾಸವನ್ನು ಕಿಣ್ವ ಹೇಗೆ ಪತ್ತೆ ಹಚ್ಚುತ್ತದೆ? ಸಿಕಲ್ ಸೆಲ್ ಡಿಎನ್‌ಎ ಪರೀಕ್ಷೆಯ ಒಳಗೊಂದು ನೋಟ

ಸಿಕಲ್ ಸೆಲ್ ಕಾಯಿಲೆಗಾಗಿ ಡಿಎನ್‌ಎ ಪರೀಕ್ಷೆ ಮಾಡಿಸಿದ್ದರೆ ನಿಮ್ಮ ವರದಿಯಲ್ಲಿ ‘ಪಿಸಿಆರ್-ಆರ್‌ಎಫ್‌ಎಲ್‌ಪಿ’ ಅಥವಾ ‘ರೆಸ್ಟ್ರಿಕ್ಷನ್ ಡೈಜೆಷನ್’ ಎಂಬ ಮಾತು ಕಂಡಿರಬಹುದು. ಅದರ ಕೆಳಗೆ ಒಂದು ಕಿಣ್ವದ ಹೆಸರು, ಎರಡು ಮೂರು ಸಂಖ್ಯೆಗಳು, ಕೊನೆಗೆ ‘ಎಎ’, ‘ಎಎಸ್’ ಅಥವಾ ‘ಎಸ್‌ಎಸ್’ ಎಂಬ ತೀರ್ಪು. ಗರ್ಭದಲ್ಲಿರುವ ಮಗುವಿನ ಬಗ್ಗೆ ದಂಪತಿ ತೆಗೆದುಕೊಳ್ಳುವ ನಿರ್ಧಾರ ಕೆಲವೊಮ್ಮೆ ಈ ಎರಡು ಅಕ್ಷರಗಳ ಮೇಲೆಯೇ ನಿಂತಿರುತ್ತದೆ. ಹಾಗಿರುವಾಗ ಆ ತೀರ್ಪು ಬಂದದ್ದು ಹೇಗೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವ ಹಕ್ಕು ನಿಮಗಿದೆ. ಈ ಲೇಖನ ಆ ಪ್ರಶ್ನೆಗೆ ಉತ್ತರ.

ಮೊದಲೇ ಒಂದು ಮಾತು. ಇಲ್ಲಿ ಹೇಳುವ ಕಿಣ್ವ ನಿಮ್ಮ ಮೈಯೊಳಗೆ ಹೋಗುವುದಿಲ್ಲ. ನಿಮ್ಮ ರಕ್ತದಿಂದ ಬೇರ್ಪಡಿಸಿದ ಡಿಎನ್‌ಎಯನ್ನು ಲ್ಯಾಬ್‌ನ ಪುಟ್ಟ ಟ್ಯೂಬ್‌ನಲ್ಲಿ ಕತ್ತರಿಸುವುದಷ್ಟೇ ಇದರ ಕೆಲಸ. ಜೀನ್ ತಿದ್ದುವ ಹೊಸ ಚಿಕಿತ್ಸೆಗಳ ಸುದ್ದಿ ಓದಿದವರು ಎರಡನ್ನೂ ಒಂದೇ ಎಂದುಕೊಳ್ಳುವುದುಂಟು. ಅದು ಬೇರೆ, ಇದು ಬೇರೆ.

ಹುಡುಕಬೇಕಾದ ಆ ಒಂದು ಅಕ್ಷರ

ನಮ್ಮ ಡಿಎನ್‌ಎ ಬರೆದಿರುವುದು ನಾಲ್ಕೇ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ: ಎ, ಟಿ, ಜಿ, ಸಿ. ತಂದೆಯಿಂದ ಬಂದ ಒಂದು ಪ್ರತಿ, ತಾಯಿಯಿಂದ ಬಂದ ಇನ್ನೊಂದು. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರಗಳು. ಇಷ್ಟು ದೊಡ್ಡ ಗ್ರಂಥದಲ್ಲಿ, 11ನೇ ಕ್ರೋಮೋಸೋಮ್ ಮೇಲಿರುವ ಬೀಟಾ ಗ್ಲೋಬಿನ್ ಎಂಬ ಜೀನ್‌ನ ಆರಂಭದ ಭಾಗದಲ್ಲಿ ಜಿ-ಎ-ಜಿ ಎಂದಿರಬೇಕಾದ ಕಡೆ ಜಿ-ಟಿ-ಜಿ ಎಂದಾಗಿದ್ದರೆ ಅದೇ ಸಿಕಲ್ ಸೆಲ್ ದೋಷ. ಒಂದು ‘ಎ’ ಹೋಗಿ ಒಂದು ‘ಟಿ’ ಬಂದಿದೆ, ಅಷ್ಟೇ. ಅದರಿಂದ ಹಿಮೋಗ್ಲೋಬಿನ್ ಪ್ರೋಟೀನ್‌ನಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗದಲ್ಲಿ ವ್ಯಾಲೀನ್ ಬಂದು ಕೂರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆಗಳಲ್ಲಿ ಬರುವ ಆ ಅಸಾಧ್ಯ ನೋವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಎರಡೂ ಪ್ರತಿಗಳು ಸರಿಯಿದ್ದರೆ ‘ಎಎ’. ಒಂದು ಪ್ರತಿಯಲ್ಲಿ ಮಾತ್ರ ದೋಷವಿದ್ದರೆ ‘ಎಎಸ್’, ಅಂದರೆ ವಾಹಕರು. ಇವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ವಾಹಕತನ ಮುಂದೆ ಕಾಯಿಲೆಯಾಗಿ ಬದಲಾಗುವುದಿಲ್ಲ. ಎರಡರಲ್ಲೂ ದೋಷವಿದ್ದರೆ ‘ಎಸ್‌ಎಸ್’, ಇದು ಕಾಯಿಲೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಹಾಗಾಗಿ ಮುಂದಿನ ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿಯೇ ಚೀಟಿ ಎತ್ತಿದ ಹಾಗೆ.

ಭಾರತದಲ್ಲಿ ಈ ಜೀನ್ ಇರುವುದು ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಮುಂದೆ ವಿದರ್ಭ, ಛತ್ತೀಸ್‌ಗಢ, ಮಧ್ಯಪ್ರದೇಶ, ಗುಜರಾತ್, ಒಡಿಶಾ, ವಯನಾಡು ಹೀಗೆ ಅನೇಕ ಕಡೆ ಕಂಡುಬಂತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿದೆ. ತಪಾಸಣೆಯ ಮೊದಲ ಹಂತ ಹಿಮೋಗ್ಲೋಬಿನ್ನನ್ನೇ ನೋಡುವ ಪರೀಕ್ಷೆ. ಅಲ್ಲಿ ಉತ್ತರ ಸ್ಪಷ್ಟವಾಗದಿದ್ದಾಗ, ಅಥವಾ ಗರ್ಭದಲ್ಲಿರುವ ಮಗುವಿನ ಸ್ಥಿತಿ ತಿಳಿಯಬೇಕಾದಾಗ ಡಿಎನ್‌ಎ ಪರೀಕ್ಷೆ ಬೇಕಾಗುತ್ತದೆ. 300 ಕೋಟಿ ಅಕ್ಷರಗಳಲ್ಲಿ ಒಂದೇ ಒಂದು ಬದಲಾಗಿದೆಯೇ ಎಂದು ನೋಡುವ ಕೆಲಸ ಅಲ್ಲಿಂದ ಶುರು.

ಬ್ಯಾಕ್ಟೀರಿಯಾದ ಮನೆಯ ಕಾವಲುಗಾರ

ಈ ಕೆಲಸಕ್ಕೆ ಬೇಕಾದ ಕತ್ತರಿಯನ್ನು ಮನುಷ್ಯ ತಯಾರಿಸಲಿಲ್ಲ. ಅದು ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟವಿದೆ. ವೈರಸ್ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಒಳಗೆ ಚುಚ್ಚಿ, ಅಲ್ಲೇ ಮರಿಮಾಡಿ, ಕೊನೆಗೆ ಅದನ್ನು ಒಡೆದು ಹೊರಬರುತ್ತದೆ. 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ಒಂದು ವಿಚಿತ್ರವನ್ನು ಗಮನಿಸಿದರು: ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಸಲೀಸಾಗಿ ಬೆಳೆಯುವ ವೈರಸ್ ಇನ್ನೊಂದು ತಳಿಯಲ್ಲಿ ಬೆಳೆಯದೆ ನಿರ್ಬಂಧಕ್ಕೆ ಒಳಗಾಗುತ್ತಿತ್ತು. ‘ರೆಸ್ಟ್ರಿಕ್ಷನ್’ ಎಂಬ ಹೆಸರು ಬಂದದ್ದು ಹೀಗೆ. 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡಿನ ವರ್ನರ್ ಆರ್ಬರ್ ಇದರ ಹಿಂದೆ ಡಿಎನ್‌ಎ ಕತ್ತರಿಸುವ ಕಿಣ್ವವಿದೆ ಎಂದು ತೋರಿಸಿದರು. 1970ರಲ್ಲಿ ಅಮೆರಿಕದ ಹ್ಯಾಮಿಲ್ಟನ್ ಸ್ಮಿತ್ ನಿರ್ದಿಷ್ಟ ಅಕ್ಷರಗಳ ನಡುವೆಯೇ ಕತ್ತರಿಸುವ ಕಿಣ್ವವನ್ನು ಪ್ರತ್ಯೇಕಿಸಿದರು. ಅವರ ಸಹೋದ್ಯೋಗಿ ಡೇನಿಯಲ್ ನೇಥನ್ಸ್ ಅದೇ ಕಿಣ್ವದಿಂದ ವೈರಸ್ ಒಂದರ ಡಿಎನ್‌ಎಯನ್ನು ತುಂಡರಿಸಿ ನಕ್ಷೆ ಬರೆದರು. ಮೂವರಿಗೂ 1978ರಲ್ಲಿ ನೊಬೆಲ್ ಬಂತು.

ಹೆಸರಾಂತ ಉದಾಹರಣೆ ‘ಇಕೋ-ಆರ್-ಒನ್’. ಇ. ಕೋಲಿ ಬ್ಯಾಕ್ಟೀರಿಯಾದಿಂದ ಬಂದದ್ದು ಎಂಬುದಕ್ಕೆ ಈ ಹೆಸರು. ಇದು ಹುಡುಕುವುದು ಜಿ-ಎ-ಎ-ಟಿ-ಟಿ-ಸಿ ಎಂಬ ಆರು ಅಕ್ಷರಗಳ ಸಾಲು. ಸಿಕ್ಕರೆ ಮೊದಲ ‘ಜಿ’ ಮತ್ತು ‘ಎ’ಗಳ ನಡುವೆ ಕತ್ತರಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಈ ಆರಕ್ಷರ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೂ ಇರುತ್ತದಲ್ಲ? ಇರುತ್ತದೆ, ನೂರಾರು ಕಡೆ. ಅದಕ್ಕೇ ಬ್ಯಾಕ್ಟೀರಿಯಾ ಜೊತೆಗೊಂದು ಎರಡನೇ ಕಿಣ್ವವನ್ನು ಇಟ್ಟುಕೊಂಡಿದೆ. ಅದು ಮನೆಯ ಡಿಎನ್‌ಎಯಲ್ಲಿ ಆ ಆರಕ್ಷರ ಬರುವ ಕಡೆಯಲ್ಲೆಲ್ಲ ಒಂದು ‘ಎ’ಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಬೊಟ್ಟನ್ನಿಡುತ್ತದೆ. ಬೊಟ್ಟಿದ್ದರೆ ಮನೆಯವರು, ಕತ್ತರಿಸಬೇಡ. ಇಲ್ಲದಿದ್ದರೆ ಹೊರಗಿನವರು.

ಈಗ ಸ್ವಲ್ಪ ನಿಧಾನವಾಗಿ ಯೋಚಿಸಿ, ಏಕೆಂದರೆ ಈ ಕಿಣ್ವಗಳು ಏಕೆ ಇಷ್ಟೊಂದು ಕಟ್ಟುನಿಟ್ಟು ಎಂಬುದರ ಗುಟ್ಟು ಇಲ್ಲಿದೆ. ಬೊಟ್ಟು ಬೀಳುವುದು ಸರಿಯಾದ ಆರಕ್ಷರದ ಮೇಲೆ ಮಾತ್ರ. ಒಂದಕ್ಷರ ಬೇರೆಯಿರುವ ಸಾಲುಗಳ ಮೇಲೆ ಬೊಟ್ಟಿಲ್ಲ, ಅವು ಬಯಲಲ್ಲೇ ಇವೆ. ಆರು ಸ್ಥಾನ, ಒಂದೊಂದಕ್ಕೂ ಮೂರು ಬೇರೆ ಅಕ್ಷರಗಳ ಸಾಧ್ಯತೆ. ಅಂದರೆ ಒಂದಕ್ಷರ ಮಾತ್ರ ತಪ್ಪಿರುವ ‘ಹೆಚ್ಚುಕಡಿಮೆ ಅದೇ’ ಸಾಲುಗಳು 18 ಬಗೆ. ಲೆಕ್ಕ ಹಾಕಿದರೆ ಸರಿಯಾದ ತಾಣಗಳಿಗಿಂತ ಇಂಥ ಅರೆಬರೆ ತಾಣಗಳೇ ಹದಿನೆಂಟು ಪಟ್ಟು ಹೆಚ್ಚು. ಕಿಣ್ವ ಸ್ವಲ್ಪ ಅಜಾಗರೂಕವಾಗಿ ‘ಇದೂ ಹತ್ತಿರಹತ್ತಿರ ಹಾಗೇ ಇದೆ’ ಎಂದು ಕತ್ತರಿಸಿದರೆ ಮನೆಯ ಯಜಮಾನನೇ ಸಾಯುತ್ತಾನೆ. ಕೋಟ್ಯಂತರ ವರ್ಷಗಳಲ್ಲಿ ಅಂಥ ಅಜಾಗರೂಕ ಕಿಣ್ವವಿದ್ದ ಬ್ಯಾಕ್ಟೀರಿಯಾಗಳು ಅಳಿದವು, ಕಟ್ಟುನಿಟ್ಟಿನವು ಉಳಿದವು. ಒಂದಕ್ಷರದ ವ್ಯತ್ಯಾಸವನ್ನು ಗುರುತಿಸುವುದು ಈ ಕಿಣ್ವಕ್ಕೆ ಸಾವು ಬದುಕಿನ ಪ್ರಶ್ನೆಯಾಗಿತ್ತು. ಸಿಕಲ್ ಸೆಲ್ ಪರೀಕ್ಷೆಯಲ್ಲಿ ನಮಗೆ ಬೇಕಾಗಿರುವುದೂ ಅದೇ ಗುಣ.

ಕಣ್ಣಿಲ್ಲದ ಕಿಣ್ವ ಓದುವುದು ಹೇಗೆ?

‘ವಿಕಟಕವಿ’ ಎಂಬ ಪದ ನಿಮಗೆ ಗೊತ್ತು. ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಹೆಚ್ಚಿನ ರೆಸ್ಟ್ರಿಕ್ಷನ್ ಕಿಣ್ವಗಳು ಗುರುತಿಸುವ ಸಾಲುಗಳೂ ಒಂದು ಬಗೆಯ ವಿಕಟಕವಿಗಳೇ, ಆದರೆ ಸ್ವಲ್ಪ ತಿರುವು ಇದೆ. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ‘ಎ’ ಇದ್ದರೆ ಎದುರಿನದರಲ್ಲಿ ‘ಟಿ’, ಒಂದರಲ್ಲಿ ‘ಜಿ’ ಇದ್ದರೆ ಎದುರು ‘ಸಿ’. ಜಿ-ಎ-ಎ-ಟಿ-ಟಿ-ಸಿ ಎಂಬುದರ ಎದುರು ಸಿ-ಟಿ-ಟಿ-ಎ-ಎ-ಜಿ ಬರುತ್ತದೆ. ಆ ಎದುರು ಎಳೆಯನ್ನು ಅದರ ದಿಕ್ಕಿನಲ್ಲಿ, ಅಂದರೆ ಬಲದಿಂದ ಎಡಕ್ಕೆ ಓದಿ: ಮತ್ತೆ ಜಿ-ಎ-ಎ-ಟಿ-ಟಿ-ಸಿ! ಇದಕ್ಕೆ ತಕ್ಕಂತೆ ಇಕೋ-ಆರ್-ಒನ್ ಕೂಡ ಜೋಡಿಯಾಗಿಯೇ ಕೆಲಸ ಮಾಡುತ್ತದೆ. ಒಂದೇ ರೀತಿಯ ಎರಡು ಪ್ರೋಟೀನ್‌ಗಳು ಎದುರುಬದುರಾಗಿ ಕೂಡಿಕೊಂಡು ಡಿಎನ್‌ಎಯನ್ನು ನಡುವೆ ಹಿಡಿಯುತ್ತವೆ. ಒಂದೊಂದು ಭಾಗ ಒಂದೊಂದು ಎಳೆಯನ್ನು ಕತ್ತರಿಸುತ್ತದೆ. ಅಡಕತ್ತರಿಯ ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿ ಎರಡೂ ಬದಿಯಲ್ಲಿ ಅಲಗಿದೆ.

ಓದುವುದು ಎಂದರೆ ಇಲ್ಲಿ ಮುಟ್ಟಿ ನೋಡುವುದು. ಡಿಎನ್‌ಎಯ ಎರಡು ಎಳೆಗಳು ಹುರಿಯಂತೆ ಸುತ್ತಿಕೊಂಡಿರುವಾಗ ಹೊರಗೆ ಒಂದು ಅಗಲವಾದ ತೋಡು, ಒಂದು ಕಿರಿದಾದ ತೋಡು ಉಂಟಾಗುತ್ತವೆ. ಒಳಗಿರುವ ಅಕ್ಷರಗಳ ಅಂಚುಗಳು ಈ ತೋಡುಗಳಲ್ಲಿ ಇಣುಕುತ್ತಿರುತ್ತವೆ. ಆ ಅಂಚಿನಲ್ಲಿ ಕೆಲವು ಬಿಂದುಗಳು ಹೈಡ್ರೋಜನ್ ಬಂಧಕ್ಕೆ ಕೈ ಚಾಚುವಂಥವು, ಕೆಲವು ಕೈ ಹಿಡಿಯುವಂಥವು, ಇನ್ನು ಕೆಲವು ನೀರಿಗೆ ಒಗ್ಗದ ಉಬ್ಬುಗಳು. ಅಗಲವಾದ ತೋಡಿನಲ್ಲಿ ಈ ಬಿಂದುಗಳ ಜೋಡಣೆ ಎ-ಟಿ, ಟಿ-ಎ, ಜಿ-ಸಿ, ಸಿ-ಜಿ ನಾಲ್ಕಕ್ಕೂ ಬೇರೆಬೇರೆ. ಕಣ್ಣು ಕಾಣದವರು ಬ್ರೈಲ್ ಲಿಪಿಯ ಚುಕ್ಕಿಗಳನ್ನು ಬೆರಳಿನಿಂದ ಓದುವಂತೆ ಕಿಣ್ವದ ಚಾಚುಗಳು ಈ ಬಿಂದುಗಳನ್ನು ತಡವುತ್ತವೆ. ಎರಡು ಎಳೆಗಳನ್ನು ಬಿಡಿಸುವ ಅಗತ್ಯವೇ ಬರುವುದಿಲ್ಲ.

ತಾಣವನ್ನು ಹುಡುಕುವ ಕ್ರಮವೂ ಸ್ವಾರಸ್ಯಕರ. ಕಿಣ್ವ ಡಿಎನ್‌ಎಯ ಮೇಲೆ ಎಲ್ಲೋ ಒಂದು ಕಡೆ ಸಡಿಲವಾಗಿ ಕೂತು, ಒಂದಷ್ಟು ದೂರ ಜಾರುತ್ತಾ, ಬಿಟ್ಟು ಹಾರಿ ಇನ್ನೊಂದು ಕಡೆ ಕೂತು ಹುಡುಕುತ್ತದೆ. ಬರಿ ಹಿಡಿದುಕೊಳ್ಳುವುದಕ್ಕೂ ಕತ್ತರಿಸುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಇಕೋ-ಆರ್-ಫೈವ್ ಎಂಬ ಇನ್ನೊಂದು ಕಿಣ್ವವನ್ನು ಬಹಳ ಆಳವಾಗಿ ಅಧ್ಯಯನ ಮಾಡಲಾಗಿದೆ. ಅದು ತನ್ನದಲ್ಲದ ಸಾಲಿನ ಮೇಲೂ ಕೂರಬಲ್ಲದು, ಆದರೆ ಅಲ್ಲಿ ಏನೂ ಆಗುವುದಿಲ್ಲ. ಸರಿಯಾದ ಸಾಲು ಸಿಕ್ಕಾಗ ಮಾತ್ರ ಅದು ಡಿಎನ್‌ಎಯನ್ನು ಸುಮಾರು 50 ಡಿಗ್ರಿಯಷ್ಟು ಬಗ್ಗಿಸುತ್ತದೆ. ಹಾಗೆ ಬಗ್ಗಿದಾಗ ಕತ್ತರಿಸಬೇಕಾದ ಬಂಧ ಕಿಣ್ವದ ಅಲಗಿನ ಹತ್ತಿರ ಬರುತ್ತದೆ, ಮೆಗ್ನೀಷಿಯಂ ಅಯಾನುಗಳಿಗೆ ಕೂರಲು ಜಾಗ ಸಿಗುತ್ತದೆ, ಅವುಗಳ ನೆರವಿನಿಂದ ಒಂದು ನೀರಿನ ಕಣ ಬಂದು ಬಂಧವನ್ನು ಮುರಿಯುತ್ತದೆ. ಒಂದಕ್ಷರ ತಪ್ಪಿದ್ದರೆ ಕೆಲವು ಹಿಡಿತಗಳು ತಪ್ಪುತ್ತವೆ. ಬಾಗು ಸರಿಯಾಗಿ ಬರುವುದಿಲ್ಲ, ಅಲಗು ಜಾಗಕ್ಕೆ ಕೂರುವುದಿಲ್ಲ. ಬೀಗದೊಳಗೆ ಬೇರೆ ಕೀ ತೂರಿತೆಂದ ಮಾತ್ರಕ್ಕೆ ಅದು ತಿರುಗಬೇಕಲ್ಲ! ಒಂದಕ್ಷರ ಬದಲಾದ ತಾಣವನ್ನು ಇಕೋ-ಆರ್-ಫೈವ್ ಕತ್ತರಿಸುವ ವೇಗ ಸರಿಯಾದ ತಾಣಕ್ಕೆ ಹೋಲಿಸಿದರೆ ಹತ್ತು ಲಕ್ಷ ಪಟ್ಟಿನಷ್ಟು ಕಡಿಮೆ ಎಂದು ಅಳೆದಿದ್ದಾರೆ.

ಸಿಕಲ್ ಸೆಲ್ ಜೀನ್‌ಗೆ ಬಂದಾಗ

ಈಗ ಮತ್ತೆ ಬೀಟಾ ಗ್ಲೋಬಿನ್ ಜೀನ್‌ಗೆ ಬರೋಣ. ಆರೋಗ್ಯವಂತರಲ್ಲಿ ಆ ಜಾಗದ ಅಕ್ಷರಗಳು ಸಿ-ಸಿ-ಟಿ-ಜಿ-ಎ-ಜಿ-ಜಿ. ಸಿಕಲ್ ಸೆಲ್‌ನಲ್ಲಿ ಸಿ-ಸಿ-ಟಿ-ಜಿ-ಟಿ-ಜಿ-ಜಿ. ‘ಡಿಡಿಇ-ಒನ್’ ಎಂಬ ಕಿಣ್ವ ಹುಡುಕುವುದು ಸಿ-ಟಿ, ನಡುವೆ ಯಾವುದಾದರೂ ಒಂದು ಅಕ್ಷರ, ಆಮೇಲೆ ಎ-ಜಿ. ಆರೋಗ್ಯವಂತ ಜೀನ್‌ನಲ್ಲಿ ಇದು ಇದೆ: ಸಿ-ಟಿ-ಜಿ-ಎ-ಜಿ. ಸಿಕಲ್ ಜೀನ್‌ನಲ್ಲಿ ‘ಎ’ ಹೋಗಿರುವುದರಿಂದ ತಾಣವೇ ಮಾಯ. ಕಾಯಿಲೆಯ ದೋಷ ಸರಿಯಾಗಿ ಕಿಣ್ವದ ತಾಣದ ಮೇಲೆಯೇ ಬಿದ್ದಿದ್ದು ಕೇವಲ ಕಾಕತಾಳೀಯ, ಆದರೆ ವೈದ್ಯಲೋಕಕ್ಕೆ ಅದು ದೊಡ್ಡ ಅದೃಷ್ಟ.

ಈ ಅದೃಷ್ಟವನ್ನು ಬಳಸಿಕೊಂಡ ಕಥೆ ಚಿಕ್ಕದಾಗಿ ಹೇಳುವಂಥದ್ದು. 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಾ. ಯೂಯೆಟ್ ವಾಯ್ ಕ್ಯಾನ್ ಮತ್ತು ಆಂಡ್ರೆ ಡೋಝಿ ಈ ಜೀನ್‌ನ ಪಕ್ಕದಲ್ಲಿರುವ ಒಂದು ಕಿಣ್ವತಾಣವನ್ನು ಗುರುತಾಗಿಟ್ಟುಕೊಂಡು ಗರ್ಭಸ್ಥ ಶಿಶುವಿನ ಪರೀಕ್ಷೆಗೆ ದಾರಿ ತೋರಿಸಿದರು. ಆದರೆ ಅದು ಎಲ್ಲ ಕುಟುಂಬಗಳಿಗೂ ಕೆಲಸ ಮಾಡುತ್ತಿರಲಿಲ್ಲ. 1982ರಲ್ಲಿ ‘ಎಂಎಸ್‌ಟಿ-ಟು’ ಎಂಬ ಕಿಣ್ವದಿಂದ ನೇರವಾಗಿ ದೋಷದ ಜಾಗವನ್ನೇ ನೋಡುವುದು ಸಾಧ್ಯವಾಯಿತು. ಕತ್ತರಿಸಿದರೆ 1150 ಅಕ್ಷರಗಳ ತುಂಡು, ಕತ್ತರಿಸದಿದ್ದರೆ 1350 ಅಕ್ಷರಗಳದ್ದು. 1985ರಲ್ಲಿ, ಡಿಎನ್‌ಎಯ ಬೇಕಾದ ತುಣುಕನ್ನು ಕೋಟ್ಯಂತರ ಪ್ರತಿ ಮಾಡುವ ಪಿಸಿಆರ್ ವಿಧಾನವನ್ನು ಜಗತ್ತಿಗೆ ಮೊದಲು ತಿಳಿಸಿದ ಪ್ರಬಂಧ ಬಂತು. ಅದರಲ್ಲಿ ಆರಿಸಿಕೊಂಡ ಕಾಯಿಲೆ ಯಾವುದು ಗೊತ್ತೇ? ಸಿಕಲ್ ಸೆಲ್. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ ಲೋಕಕ್ಕೆ ಕಾಲಿಟ್ಟದ್ದೇ ಈ ರೋಗಿಗಳ ಹೆಸರಿನಲ್ಲಿ.

ಇಂದು ಲ್ಯಾಬ್‌ನಲ್ಲಿ ನಡೆಯುವುದು ಹೀಗೆ. ನೇರಳೆ ಮುಚ್ಚಳದ ಟ್ಯೂಬ್‌ಗೆ ನಿಮ್ಮ ರಕ್ತ ತೆಗೆಯುತ್ತಾರೆ. ಬಿಳಿ ರಕ್ತಕಣಗಳಿಂದ ಡಿಎನ್‌ಎ ಬೇರ್ಪಡಿಸಿ, ಪಿಸಿಆರ್‌ನಿಂದ ದೋಷವಿರಬಹುದಾದ ಜಾಗದ ಸುತ್ತಲಿನ ತುಣುಕನ್ನು ಮಾತ್ರ ಹೆಚ್ಚಿಸುತ್ತಾರೆ. ಅದಕ್ಕೆ ಕಿಣ್ವ ಬೆರೆಸಿ 37 ಡಿಗ್ರಿ ಉಷ್ಣಾಂಶದಲ್ಲಿ, ಅಂದರೆ ನಮ್ಮ ಮೈಯ ಬಿಸಿಯಲ್ಲಿ, ಇಡುತ್ತಾರೆ. ಬಳಿಕ ಜೆಲ್ ಎಂಬ ಮೆದುವಾದ ಹಾಳೆಯಲ್ಲಿ ವಿದ್ಯುತ್ ಹಾಯಿಸಿ ತುಂಡುಗಳನ್ನು ಓಡಿಸುತ್ತಾರೆ. ಚಿಕ್ಕ ತುಂಡು ಮುಂದೆ, ದೊಡ್ಡದು ಹಿಂದೆ. ಉದಾಹರಣೆಗೆ ತುಣುಕು 300 ಅಕ್ಷರದ್ದು, ಕತ್ತರಿಸಿದರೆ 200 ಮತ್ತು 100 ಆಗುತ್ತದೆ ಎಂದುಕೊಳ್ಳಿ. ‘ಎಎ’ ಆದವರಲ್ಲಿ 200 ಮತ್ತು 100ರ ಗೆರೆಗಳು, ‘ಎಸ್‌ಎಸ್’ ಆದವರಲ್ಲಿ 300ರ ಒಂದೇ ಗೆರೆ, ವಾಹಕರಲ್ಲಿ ಮೂರೂ ಗೆರೆಗಳು. ನಿಮ್ಮ ವರದಿಯಲ್ಲಿರುವ ಸಂಖ್ಯೆಗಳು ಇವೇ. ಒಂದೊಂದು ಲ್ಯಾಬ್ ಒಂದೊಂದು ಅಳತೆಯ ತುಣುಕನ್ನು ಬಳಸುವುದರಿಂದ ನಿಮ್ಮ ಸಂಖ್ಯೆಯನ್ನು ಇನ್ನೊಬ್ಬರ ವರದಿಯ ಜೊತೆ ಹೋಲಿಸಿ ಗಾಬರಿಯಾಗುವ ಅಗತ್ಯವಿಲ್ಲ.

ಮೌನಕ್ಕೆ ಎರಡು ಅರ್ಥ

ಕಿಣ್ವ ಇಷ್ಟು ನಿಖರವಾಗಿದ್ದರೆ ಪರೀಕ್ಷೆ ತಪ್ಪಾಗಲು ಸಾಧ್ಯವೇ ಇಲ್ಲವೇ? ಇದೆ. ಕಿಣ್ವ ಕತ್ತರಿಸಿತು ಎಂದರೆ ಅದನ್ನು ನಂಬಬಹುದು, ತಾಣ ಇದೆ ಎಂದೇ ಅರ್ಥ. ಕತ್ತರಿಸಲಿಲ್ಲ ಎಂದಾಗ ಮಾತ್ರ ಎಚ್ಚರ ಬೇಕು. ತಾಣ ಇಲ್ಲದ್ದರಿಂದ ಕತ್ತರಿಸಲಿಲ್ಲವೇ, ಅಥವಾ ಕಿಣ್ವ ಕೆಲಸವನ್ನೇ ಮಾಡಲಿಲ್ಲವೇ? ಜೆಲ್ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಸಿಕಲ್ ಸೆಲ್ ಪರೀಕ್ಷೆಯಲ್ಲಿ ‘ಕತ್ತರಿಸದಿರುವುದೇ’ ಕಾಯಿಲೆಯ ಗುರುತು ಆಗಿರುವುದರಿಂದ ಈ ಗೊಂದಲ ಸಣ್ಣದಲ್ಲ.

ಕಿಣ್ವ ಸೋಮಾರಿಯಾಗಲು ಕಾರಣಗಳು ಬಹಳ ಸಾಮಾನ್ಯವಾದವು. ಫ್ರೀಜರ್‌ನಿಂದ ಹೊರಗೆ ಹೆಚ್ಚು ಹೊತ್ತು ಉಳಿದರೆ ಅದು ಕೆಡುತ್ತದೆ. ಆ ನೇರಳೆ ಮುಚ್ಚಳದ ಟ್ಯೂಬ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಅದು ಮೆಗ್ನೀಷಿಯಂ ಅನ್ನೂ ಹಿಡಿದಿಟ್ಟುಕೊಳ್ಳುವಂಥದ್ದು, ಕಿಣ್ವಕ್ಕೆ ಬೇಕಾದದ್ದೂ ಅದೇ ಮೆಗ್ನೀಷಿಯಂ. ಡಿಎನ್‌ಎ ಬೇರ್ಪಡಿಸುವಾಗ ಇಡಿಟಿಎಯನ್ನು ಚೆನ್ನಾಗಿ ತೊಳೆಯದಿದ್ದರೆ ಕತ್ತರಿಕೆ ಅರ್ಧಕ್ಕೆ ನಿಲ್ಲಬಹುದು. ಆಗ ಆರೋಗ್ಯವಂತರ ಜೆಲ್‌ನಲ್ಲೂ ಕತ್ತರಿಸಿದ ಗೆರೆಗಳ ಜೊತೆ ಕತ್ತರಿಸದ ಗೆರೆ ಉಳಿದು, ಅವರು ವಾಹಕರಂತೆ ಕಾಣುತ್ತಾರೆ. ಪೂರ್ತಿ ಕೆಲಸ ನಿಂತರೆ ವಾಹಕರೂ ರೋಗಿಯಂತೆ ಕಾಣುತ್ತಾರೆ. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಕಿಣ್ವವನ್ನು ಅತಿಯಾಗಿ ಸುರಿದರೆ ಅಥವಾ ದ್ರಾವಣದ ಹದ ತಪ್ಪಿದರೆ ಅದು ತನ್ನ ಕಟ್ಟುನಿಟ್ಟು ಬಿಟ್ಟು ಅರೆಬರೆ ತಾಣಗಳನ್ನೂ ಕತ್ತರಿಸತೊಡಗುತ್ತದೆ. ಲ್ಯಾಬ್ ಭಾಷೆಯಲ್ಲಿ ಇದಕ್ಕೆ ‘ಸ್ಟಾರ್ ಆ್ಯಕ್ಟಿವಿಟಿ’ ಎನ್ನುತ್ತಾರೆ. ಬ್ಯಾಕ್ಟೀರಿಯಾದ ಒಳಗಿನ ಹದ ಇದ್ದಷ್ಟು ಹೊತ್ತೂ ಆ ಶಿಸ್ತು.

ಒಳ್ಳೆಯ ಲ್ಯಾಬ್‌ಗಳು ಇದನ್ನೆಲ್ಲ ತಿಳಿದೇ ಕೆಲಸ ಮಾಡುತ್ತವೆ. ಪ್ರತಿ ಸಲವೂ ಫಲಿತಾಂಶ ಮೊದಲೇ ಗೊತ್ತಿರುವ ಮಾದರಿಗಳನ್ನು, ಅಂದರೆ ಒಬ್ಬ ‘ಎಎ’, ಒಬ್ಬ ‘ಎಎಸ್’, ಒಬ್ಬ ‘ಎಸ್‌ಎಸ್’ ವ್ಯಕ್ತಿಯ ಡಿಎನ್‌ಎಯನ್ನು, ನಿಮ್ಮ ಮಾದರಿಯ ಪಕ್ಕದಲ್ಲೇ ಓಡಿಸುತ್ತವೆ. ಇನ್ನೂ ಜಾಣತನದ ಉಪಾಯವೆಂದರೆ ತುಣುಕಿನಲ್ಲಿ ಎಲ್ಲರಲ್ಲೂ ಇರುವ ಮತ್ತೊಂದು ತಾಣವನ್ನೂ ಸೇರಿಸಿಕೊಳ್ಳುವುದು. ಅಲ್ಲಿ ಕತ್ತರಿಸಿದ್ದರೆ ಕಿಣ್ವ ನಿಮ್ಮ ಟ್ಯೂಬ್‌ನಲ್ಲೇ ಕೆಲಸ ಮಾಡಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ‘ಕಂಟ್ರೋಲ್ ಸರಿಯಾಗಿ ಬಂದಿತ್ತೇ?’ ಎಂದು ವೈದ್ಯರ ಮೂಲಕ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬೇಕಿಲ್ಲ. ನನ್ನ ಅಭಿಪ್ರಾಯದಲ್ಲಿ ವರದಿ ಹಿಡಿದವರು ಕೇಳಬಹುದಾದ ಅತ್ಯಂತ ಉಪಯುಕ್ತ ಪ್ರಶ್ನೆ ಇದು.

ಇನ್ನೊಂದು ಮಿತಿ ಕಿಣ್ವದ ತಪ್ಪಲ್ಲ, ನಮ್ಮ ಪ್ರಶ್ನೆಯ ಮಿತಿ. ಕಿಣ್ವ ಹೇಳುವುದು ‘ಈ ಸಾಲು ಇದೆ’ ಅಥವಾ ‘ಇಲ್ಲ’ ಎಂದಷ್ಟೇ. ಅದರ ಜಾಗದಲ್ಲಿ ಏನಿದೆ ಎಂದು ಅದು ಹೇಳಲಾರದು. ಅದೇ ಜಿ-ಎ-ಜಿ ಜಾಗದಲ್ಲಿ ಎ-ಎ-ಜಿ ಆದರೆ ಹಿಮೋಗ್ಲೋಬಿನ್ ಸಿ ಎಂಬ ಇನ್ನೊಂದು ದೋಷ ಬರುತ್ತದೆ. ಪಶ್ಚಿಮ ಆಫ್ರಿಕಾ ಮೂಲದವರಲ್ಲಿ ಇದು ಹೆಚ್ಚು. ಡಿಡಿಇ-ಒನ್‌ಗೆ ನಡುವಿನ ಅಕ್ಷರ ಯಾವುದಾದರೂ ಆದೀತು ಎಂದೆವಲ್ಲ, ಹಾಗಾಗಿ ಅಲ್ಲಿ ‘ಜಿ’ ಬದಲು ‘ಎ’ ಬಂದರೂ ಅದು ತಲೆಕೆಡಿಸಿಕೊಳ್ಳದೆ ಕತ್ತರಿಸುತ್ತದೆ, ವರದಿ ‘ಸಿಕಲ್ ದೋಷ ಇಲ್ಲ’ ಎಂದು ಬರುತ್ತದೆ. ಆ ಮಾತು ನಿಜ. ಆದರೆ ‘ಯಾವ ದೋಷವೂ ಇಲ್ಲ’ ಎಂದು ಓದಿಕೊಂಡರೆ ತಪ್ಪು.

ಪಂಜಾಬಿನ ‘ಡಿ’, ಬಂಗಾಳದ ‘ಇ’

ನಮ್ಮ ದೇಶದಲ್ಲಿ ಈ ಮಾತು ಬಹಳ ಮುಖ್ಯವಾಗುವುದು ದೊಡ್ಡ ನಗರಗಳಲ್ಲಿ. ದೆಹಲಿ, ಪುಣೆ, ಮುಂಬೈಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗೆ ಪಂಜಾಬಿ ಸೊಸೆ, ಬಂಗಾಳಿ ಅಳಿಯ, ಮರಾಠಿ ಬೀಗರು ಬರುವುದು ಈಗ ಸಾಮಾನ್ಯ. ಸಂತೋಷದ ವಿಷಯ. ಆದರೆ ಒಂದೊಂದು ಪ್ರದೇಶದಲ್ಲಿ ಒಂದೊಂದು ಹಿಮೋಗ್ಲೋಬಿನ್ ದೋಷ ಹೆಚ್ಚು. ಪಂಜಾಬಿನ ಕಡೆ ‘ಹಿಮೋಗ್ಲೋಬಿನ್ ಡಿ-ಪಂಜಾಬ್’, ಬಂಗಾಳ ಮತ್ತು ಈಶಾನ್ಯದ ಕಡೆ ‘ಹಿಮೋಗ್ಲೋಬಿನ್ ಇ’, ಎಲ್ಲೆಡೆ ಹರಡಿಕೊಂಡಿರುವ ಬೀಟಾ ಥಲಸ್ಸೀಮಿಯಾ ಬೇರೆ.

ಡಿ-ಪಂಜಾಬ್ ವಾಹಕರಿಗೆ ಏನೂ ತೊಂದರೆಯಿರುವುದಿಲ್ಲ. ಆದರೆ ತಂದೆ ಸಿಕಲ್ ವಾಹಕ, ತಾಯಿ ಡಿ-ಪಂಜಾಬ್ ವಾಹಕಿ ಆಗಿದ್ದು ಎರಡೂ ದೋಷಗಳು ಒಂದೇ ಮಗುವಿಗೆ ಹೋದರೆ ಮಗುವಿಗೆ ಸಿಕಲ್ ಸೆಲ್ ಕಾಯಿಲೆಯೇ ಬರುತ್ತದೆ, ಅದೂ ತೀವ್ರವಾಗಿ. ಹಳೆಯ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಲ್ಲಿ ‘ಎಸ್’ ಮತ್ತು ‘ಡಿ’ ಒಂದೇ ಜಾಗದಲ್ಲಿ ನಿಲ್ಲುವುದರಿಂದ ಗೊಂದಲವಾಗುತ್ತಿತ್ತು. ಇಲ್ಲಿ ಮತ್ತೆ ಇಕೋ-ಆರ್-ಒನ್ ನೆರವಿಗೆ ಬರುತ್ತದೆ. ಬೀಟಾ ಗ್ಲೋಬಿನ್ ಜೀನ್‌ನ ಕೊನೆಯ ಭಾಗದಲ್ಲಿ ಜಿ-ಎ-ಎ-ಟಿ-ಟಿ-ಸಿ ಎಂಬ ಸಾಲಿದೆ. ಡಿ-ಪಂಜಾಬ್ ದೋಷದಲ್ಲಿ ಮೊದಲ ‘ಜಿ’ ಹೋಗಿ ‘ಸಿ’ ಬರುತ್ತದೆ, ತಾಣ ಅಳಿಸಿಹೋಗುತ್ತದೆ. ಅದೇ ಸಾಲು ‘ಒ-ಅರಬ್’ ಎಂಬ ಅಪರೂಪದ ದೋಷದಲ್ಲೂ ಅಳಿಸಿಹೋಗುತ್ತದೆ. ಹಾಗಾಗಿ ಅನುಮಾನವಿದ್ದಾಗ ಅಕ್ಷರಗಳನ್ನು ಒಂದೊಂದಾಗಿ ಓದುವ ಸೀಕ್ವೆನ್ಸಿಂಗ್ ಮಾಡಿಸುತ್ತಾರೆ. ಹಿಮೋಗ್ಲೋಬಿನ್ ಇ ದೋಷವೂ ‘ಎಂಎನ್‌ಎಲ್-ಒನ್’ ಎಂಬ ಕಿಣ್ವದ ಒಂದು ತಾಣವನ್ನು ಅಳಿಸುತ್ತದೆ. ಥಲಸ್ಸೀಮಿಯಾದ ಕಥೆ ಹಾಗಲ್ಲ. ಅಲ್ಲಿ ದೋಷಗಳು ನೂರಾರು ಬಗೆ, ಬಹುಪಾಲು ಯಾವ ಕಿಣ್ವದ ತಾಣವನ್ನೂ ಮುಟ್ಟುವುದಿಲ್ಲ, ಅದಕ್ಕೆ ಬೇರೆ ವಿಧಾನಗಳಿವೆ. ಸಿಕಲ್ ಸೆಲ್‌ಗೂ ಈಗ ಅನೇಕ ಲ್ಯಾಬ್‌ಗಳು ಎಆರ್‌ಎಂಎಸ್-ಪಿಸಿಆರ್ ಅಥವಾ ಸೀಕ್ವೆನ್ಸಿಂಗ್ ಬಳಸುತ್ತವೆ. ನಿಮ್ಮ ವರದಿಯಲ್ಲಿ ಕಿಣ್ವದ ಹೆಸರೇ ಇಲ್ಲದಿದ್ದರೆ ಅದು ಲೋಪವಲ್ಲ.

ಗರ್ಭಿಣಿಯಾಗಿದ್ದರೆ

ಇಲ್ಲಿ ಸಮಯವೇ ಎಲ್ಲಕ್ಕಿಂತ ಮುಖ್ಯ. ಬಸಿರು ಖಚಿತವಾದ ಕೂಡಲೇ, ಸಾಧ್ಯವಾದರೆ ಅದಕ್ಕೂ ಮೊದಲೇ, ಗಂಡ ಹೆಂಡತಿ ಇಬ್ಬರೂ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿಕೊಳ್ಳಿ. ಇಬ್ಬರಲ್ಲೂ ಯಾವುದಾದರೂ ದೋಷ ಕಂಡರೆ ಇಬ್ಬರದೂ ಡಿಎನ್‌ಎ ಪರೀಕ್ಷೆ ಆಗಬೇಕು. ತಂದೆ ತಾಯಿಯ ದೋಷ ಯಾವುದು ಎಂದು ತಿಳಿಯದೆ ಮಗುವಿನಲ್ಲಿ ಏನನ್ನು ಹುಡುಕಬೇಕು ಎಂದು ಲ್ಯಾಬ್‌ಗೆ ತಿಳಿಯುವುದಿಲ್ಲ. ನಂತರ ಸಾಮಾನ್ಯವಾಗಿ 11ರಿಂದ 13ನೇ ವಾರದ ಸುಮಾರಿಗೆ ಮಾಸಿನ ಅಂಚಿನಿಂದ ಚೂರು ಅಂಗಾಂಶ ತೆಗೆಯುತ್ತಾರೆ. ಇದಕ್ಕೆ ‘ಸಿವಿಎಸ್’ ಎನ್ನುತ್ತಾರೆ. ತಡವಾದರೆ 15 ವಾರಗಳ ನಂತರ ಗರ್ಭದ ನೀರಿನಿಂದಲೂ ಪರೀಕ್ಷಿಸಬಹುದು. ಎರಡರಲ್ಲೂ ಗರ್ಭಪಾತದ ಸಣ್ಣ ಅಪಾಯವಿದೆ, ಅದನ್ನು ವೈದ್ಯರ ಬಳಿ ಕುಳಿತು ಮಾತನಾಡಿ. ಮುಂಬೈಯ ಪರೇಲ್‌ನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಈ ಪರೀಕ್ಷೆಗಳಲ್ಲಿ ಬಹುಕಾಲದ ಅನುಭವವಿರುವ ಕೇಂದ್ರಗಳಲ್ಲಿ ಒಂದು.

ಸಿವಿಎಸ್‌ನಲ್ಲಿ ಒಂದು ಸೂಕ್ಷ್ಮವಿದೆ. ಮಗುವಿನ ಅಂಗಾಂಶದ ಜೊತೆ ತಾಯಿಯ ಅಂಗಾಂಶವೂ ಸ್ವಲ್ಪ ಬರಬಹುದು. ತಾಯಿ ವಾಹಕಿ, ಅವರ ಡಿಎನ್‌ಎಯಲ್ಲಿ ಕತ್ತರಿಸುವ ಪ್ರತಿ, ಕತ್ತರಿಸದ ಪ್ರತಿ ಎರಡೂ ಇವೆ. ಮಗು ‘ಎಸ್‌ಎಸ್’ ಆಗಿದ್ದು ಮಾದರಿಯಲ್ಲಿ ತಾಯಿಯ ಡಿಎನ್‌ಎ ಬೆರೆತಿದ್ದರೆ, ಪಿಸಿಆರ್ ಅದನ್ನೂ ಹೆಚ್ಚಿಸಿ, ಕಿಣ್ವ ಅದನ್ನೂ ಪ್ರಾಮಾಣಿಕವಾಗಿ ಕತ್ತರಿಸಿ, ಕೊನೆಗೆ ಮಗು ಬರೀ ವಾಹಕ ಎಂದು ತೋರಬಹುದು. ಕಿಣ್ವ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ಓದಿದೆ, ಕೊಟ್ಟದ್ದೇ ಬೆರಕೆ. ಇದನ್ನು ತಪ್ಪಿಸಲು ಅಂಗಾಂಶವನ್ನು ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ಶುಚಿ ಮಾಡುತ್ತಾರೆ, ತಾಯಿಯ ಡಿಎನ್‌ಎ ಬೆರೆತಿದೆಯೇ ಎಂದು ಪ್ರತ್ಯೇಕ ಪರೀಕ್ಷೆಯನ್ನೂ ಮಾಡುತ್ತಾರೆ. ವರದಿಯಲ್ಲಿ ‘ಮೆಟರ್ನಲ್ ಕಂಟಾಮಿನೇಷನ್ ಇಲ್ಲ’ ಎಂಬ ಸಾಲು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೇಳಿ.

ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ದಾನಿಯ ಕೆಂಪು ರಕ್ತಕಣಗಳು ಮೂರು ತಿಂಗಳವರೆಗೂ ಎಚ್‌ಪಿಎಲ್‌ಸಿ ಫಲಿತಾಂಶವನ್ನು ಕಲಸಿಬಿಡಬಲ್ಲವು. ಅಸ್ಥಿಮಜ್ಜೆ ಕಸಿ ಆದವರ ವಿಷಯ ಇನ್ನೂ ಬೇರೆ. ಅವರ ರಕ್ತದಿಂದ ತೆಗೆದ ಡಿಎನ್‌ಎ ಅವರದ್ದಲ್ಲ, ದಾನಿಯದ್ದು. ಕಸಿಯಿಂದ ಗುಣವಾದ ಯುವಕನ ರಕ್ತಪರೀಕ್ಷೆ ‘ಎಎ’ ಎಂದು ಬರಬಹುದು, ಆದರೆ ಅವನು ತನ್ನ ಮಕ್ಕಳಿಗೆ ದಾಟಿಸುವುದು ಹುಟ್ಟಿನಿಂದ ಬಂದ ‘ಎಸ್’ ಜೀನನ್ನೇ. ಮದುವೆಗೆ ಮುಂಚೆ ಸಂಗಾತಿಯ ಪರೀಕ್ಷೆ ಮಾಡಿಸುವಾಗ, ಕಸಿ ಆಗಿರುವ ಸಂಗತಿಯನ್ನೂ ಕಸಿಗೆ ಮುಂಚಿನ ವರದಿಯನ್ನೂ ಕೌನ್ಸೆಲರ್ ಮುಂದಿಡಬೇಕು.